ಸೇತುವೆ ನೋಡುವವರು ಮೊದಲು ನದಿಯ ತಳ ನೋಡಬೇಕು

ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲಿ ಸ್ಕೋಹಾರಿ ಎಂಬ ಹೊಳೆಗೆ 1954ರಲ್ಲಿ ಹೆದ್ದಾರಿ ಸೇತುವೆ ಕಟ್ಟಿದರು. ಮರುವರ್ಷವೇ ಭಾರೀ ನೆರೆ ಬಂತು, ಸೇತುವೆ ನಿಂತಿತು. 1987ರ ಏಪ್ರಿಲ್ 5ರ ನೆರೆ ಅದಕ್ಕಿಂತ ಸಣ್ಣದು. ಅಂದು ಸೇತುವೆ ಕುಸಿದು ಹತ್ತು ಮಂದಿ ಸತ್ತರು.

ದೊಡ್ಡದನ್ನು ತಾಳಿಕೊಂಡದ್ದು ಸಣ್ಣದಕ್ಕೆ ಬಿದ್ದದ್ದು ಹೇಗೆ? ಕಂಬದ ಬುಡಕ್ಕೆ ಬಡಿದ ನೀರು ಕೆಳಮುಖವಾಗಿ ತಿರುಗಿ, ಸುಳಿಯಾಗಿ ತಳದ ಮಣ್ಣನ್ನು ಅಗೆಯುತ್ತದೆ. ಸ್ಕೋಹಾರಿಯ ಅಡಿಪಾಯ ಆಳಕ್ಕೆ ಇಳಿದಿರಲಿಲ್ಲ, ಕೆಳಗೆ ನೆಲದಾಳಕ್ಕೆ ಇಳಿಸುವ ಕಂಬಗಳಾದ ಪೈಲ್‌ಗಳೂ ಇರಲಿಲ್ಲ. ಕಾವಲಿಗೆ ಸುರಿದಿದ್ದ ಬಂಡೆಗಳು ವರ್ಷಗಳ ನೆರೆಗೆ ಸರಿದುಹೋಗಿದ್ದವು. ತಪಾಸಣೆಯೇನೋ ನಡೆಯುತ್ತಿತ್ತು, ಆದರೆ ನೀರಿನ ಮೇಲಕ್ಕಷ್ಟೇ. ಮುಳುಗಿ ನೋಡುವ ತಪಾಸಣೆ ನಿಗದಿಯಾಗಿದ್ದದ್ದು ಅದೇ 1987ಕ್ಕೆ.

‘ಸೇತುವೆ ಗಟ್ಟಿಯಿದೆಯೇ’ ಎಂದು ನಾವು ಕೇಳುತ್ತೇವೆ. ಎಂಜಿನಿಯರ್ ಲೆಕ್ಕ ಹಾಕುವುದು ಬೇರೆ: ಇಂಥ ಅಪಾಯ ಎಷ್ಟು ಸಲ ಬಂದೀತು, ಬಂದಾಗ ಸೇತುವೆ ಬೀಳುವ ಸಾಧ್ಯತೆ ಎಷ್ಟು? ನೆರೆಯ ಪ್ರತಿ ಮಟ್ಟಕ್ಕೂ ಈ ಎರಡನ್ನು ಗುಣಿಸಿ ಕೂಡಿಸಿದರೆ ವರ್ಷದ ಅಪಾಯ ಸಿಗುತ್ತದೆ. ‘ನೂರು ವರ್ಷದ ನೆರೆ’ ಎಂದರೆ ಶತಮಾನಕ್ಕೊಮ್ಮೆ ಸರದಿಯಂತೆ ಬರುವುದಲ್ಲ, ಯಾವುದೇ ವರ್ಷ ಬರುವ ಸಾಧ್ಯತೆ ಶೇ 1. 75 ವರ್ಷ ಬಾಳುವ ಸೇತುವೆ ಅದನ್ನು ಒಮ್ಮೆಯಾದರೂ ಎದುರಿಸುವ ಸಾಧ್ಯತೆ ಶೇ 53!

ಎರಡನೆಯ ಪ್ರಶ್ನೆ ಕಷ್ಟದ್ದು. ಕಾಂಕ್ರೀಟಿನ ಬಲ, ಲಾರಿಗಳ ಭಾರ, ನೀರಿನ ವೇಗ ಯಾವುದೂ ಒಂದೇ ಅಂಕಿಯಲ್ಲಿ ನಿಲ್ಲುವುದಿಲ್ಲ. ಹಾಗಾಗಿ ಅವನ್ನು ಏರಿಳಿಸುತ್ತ ಕಂಪ್ಯೂಟರಿನಲ್ಲಿ ಸೇತುವೆಯನ್ನು ಸಾವಿರಾರು ಸಲ ಪರೀಕ್ಷಿಸಿ, ಎಷ್ಟು ಸಲ ಬಿತ್ತೆಂದು ಎಣಿಸುತ್ತಾರೆ. ಈ ಫಲವನ್ನು ಬೀಟಾ ಎಂಬ ಸೂಚ್ಯಂಕದಲ್ಲಿ ಹೇಳುವುದು ರೂಢಿ. ಅಮೆರಿಕದ ಹೆದ್ದಾರಿ ಸಂಹಿತೆ ತೊಲೆಗಳಿಗೆ ಇಟ್ಟ ಗುರಿ 3.5, ಅಂದರೆ ಸೋಲುವ ಸಾಧ್ಯತೆ ಹತ್ತು ಸಾವಿರಕ್ಕೆ ಎರಡು-ಮೂರು. ಕೇಳಲು ನೆಮ್ಮದಿಯೇ. ಆದರೆ ಅದು ವಾಹನಗಳ ಭಾರದ ಲೆಕ್ಕ, ಬುಡದ ಕೊರೆತ ಅದರಲ್ಲಿಲ್ಲ.

ಅಪಾಯಗಳು ಒಂದರ ಬೆನ್ನಿಗೆ ಇನ್ನೊಂದು ಸೇರಿಕೊಳ್ಳುವುದೂ ಉಂಟು. ಮಣ್ಣು ಕಳೆದುಕೊಂಡ ಕಂಬ ಇನ್ನಷ್ಟು ಉದ್ದವಾದಂತೆ. ಭೂಕಂಪದಲ್ಲಿ ಅದು ಅಲುಗುವ ಬಗೆಯೇ ಬದಲಾಗುತ್ತದೆ. ಎರಡನ್ನೂ ಬೇರೆಬೇರೆ ಪಾಸು ಮಾಡಿಸಿದರೆ ಸಾಲದು.

ಭಾರತದಲ್ಲಿ ಕೊರೆತದ ಸರಾಸರಿ ಆಳವನ್ನು ಲೇಸಿ ಸೂತ್ರದಿಂದ ಪಡೆದು, ಕಂಬಗಳಿಗೆ ಅದರ ಎರಡು ಪಟ್ಟು ಹಿಡಿಯುತ್ತಾರೆ. ಸೂತ್ರ ಸುಲಭ. ಆದರೆ ಕಟ್ಟಿದ ದಿನದ ನದಿಪಾತ್ರವೇ ಕೊನೆಯವರೆಗೂ ಇರುತ್ತದೆ ಎಂದುಕೊಂಡರೆ ಲೆಕ್ಕ ತಪ್ಪುತ್ತದೆ. 2018ರ ಜೂನ್‌ನಲ್ಲಿ ದಕ್ಷಿಣ ಕನ್ನಡದ ಮೂಲರಪಟ್ನದಲ್ಲಿ ಫಲ್ಗುಣಿ ನದಿಯ ಸೇತುವೆ ಕುಸಿದಾಗ ಊರವರು ಬೊಟ್ಟು ಮಾಡಿದ್ದು ಮರಳುಗಾರಿಕೆಯತ್ತ. ಮರಳೆತ್ತಿದಷ್ಟೂ ಪಾತ್ರ ತಗ್ಗುತ್ತದೆ, ಅಡಿಪಾಯದ ಹಿಡಿತ ಕಡಿಮೆಯಾಗುತ್ತದೆ.

ಇನ್ನು ಅಳೆಯುವುದರಲ್ಲೂ ಒಂದು ಮೋಸವಿದೆ. ನೆರೆ ಏರಿದಾಗ ತೋಡಿದ ಗುಂಡಿಗೆ ಇಳಿಯುವಾಗ ಮತ್ತೆ ಹೂಳು ತುಂಬುತ್ತದೆ. ಮಳೆಗಾಲ ಮುಗಿದ ಮೇಲೆ ಹೋದವರಿಗೆ ತಳ ಸಮತಟ್ಟಾಗಿಯೇ ಕಾಣುತ್ತದೆ, ಆ ಹೂಳೋ ಸಡಿಲ. ಅದಕ್ಕೇ ಕೆಲವೆಡೆ ಶಬ್ದದ ಅಲೆಗಳಿಂದ ಆಳ ತಿಳಿಯುವ ಸೋನಾರ್ ಉಪಕರಣವನ್ನು ಕಂಬಕ್ಕೇ ಕಟ್ಟಿ, ನೆರೆ ಹರಿಯುತ್ತಿರುವಾಗಲೇ ಆಳ ಅಳೆಯುತ್ತಾರೆ. ಮಿತಿ ಮೀರಿದರೆ ಸಂಚಾರ ನಿಲ್ಲಿಸುತ್ತಾರೆ.