ಧನಬಲ ಮತ್ತು ಜನಮತ: ಹಾವೇರಿ ಪರಿಸರದ ಒಂದು ವಿವೇಚನೆ

ಸಂಪತ್ತು ಮತ್ತು ಅಧಿಕಾರಗಳ ಸಂಬಂಧವನ್ನು ಕುರಿತ ಚಿಂತನೆ ಕನ್ನಡಕ್ಕೆ ಹೊಸದಲ್ಲ. ಬ್ಯಾಡಗಿ ತಾಲೂಕಿನ ಕಾಗಿನೆಲೆಯೊಂದಿಗೆ ಹೆಸರು ಬೆಸೆದುಕೊಂಡಿರುವ ಕನಕದಾಸರ ‘ರಾಮಧಾನ್ಯಚರಿತೆ’ಯಲ್ಲಿ ನರೆದಲೆಗವು ವ್ರೀಹಿಯ ಮೇಲೆ ಹೊರಿಸುವ ಮುಖ್ಯ ಆರೋಪವೆಂದರೆ ಅದು ಬಡವರನ್ನು ಕಡೆಗಣಿಸಿ ಉಳ್ಳವರನ್ನು ಓಲೈಸುತ್ತದೆ ಎಂಬುದು. ವಾದ ಬಗೆಹರಿಯದಿದ್ದಾಗ ರಾಮನು ಎರಡೂ ಧಾನ್ಯಗಳನ್ನು ಆರು ತಿಂಗಳು ಸೆರೆಯಲ್ಲಿರಿಸುತ್ತಾನೆ. ತೀರ್ಪಿಗೆ ಮುನ್ನ ಇಬ್ಬರನ್ನೂ ಸಮಾನ ಸ್ಥಿತಿಗೆ ತರಲಾಗಿದೆ ಎಂಬುದು ಇಲ್ಲಿ ಗಮನಾರ್ಹ. ಇಂತಹ ಸಮಾನ ಸ್ಥಿತಿ ಪ್ರಜಾಪ್ರಭುತ್ವದಲ್ಲಿ ಎಷ್ಟರಮಟ್ಟಿಗೆ ಸಾಧ್ಯವಾಗಿದೆ ಎಂಬುದನ್ನು, 1997ರಲ್ಲಿ ಧಾರವಾಡದಿಂದ ಬೇರ್ಪಟ್ಟು ರೂಪುಗೊಂಡ ಹಾವೇರಿ ಜಿಲ್ಲೆಯ ಮೂರು ಊರುಗಳ ನೆಲೆಯಲ್ಲಿ ಪರಿಶೀಲಿಸಬಹುದು.

ಕಾನೂನು ಈ ಸಮಾನತೆಯನ್ನು ವೆಚ್ಚದ ಮಿತಿಯ ಮೂಲಕ ಸಾಧಿಸಲು ಯತ್ನಿಸಿದೆ. 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 77ನೆಯ ಕಲಮಿನನ್ವಯ ಅಭ್ಯರ್ಥಿಯು ತನ್ನ ವೆಚ್ಚದ ಲೆಕ್ಕವಿಡಬೇಕು. ಕರ್ನಾಟಕದ ವಿಧಾನಸಭಾ ಕ್ಷೇತ್ರಕ್ಕೆ 30.8 ಲಕ್ಷ ರೂಪಾಯಿಯಿದ್ದ ಮಿತಿಯನ್ನು 2022ರಲ್ಲಿ 40 ಲಕ್ಷಕ್ಕೆ ಏರಿಸಲಾಯಿತು. ಆದರೆ ಪಕ್ಷದ ವೆಚ್ಚಕ್ಕೆ ಇಂತಹ ಮಿತಿಯಿಲ್ಲ. ಪಕ್ಷವು ಅಭ್ಯರ್ಥಿಗಾಗಿ ಮಾಡಿದ ವೆಚ್ಚವನ್ನೂ ಅವನ ಲೆಕ್ಕಕ್ಕೆ ಸೇರಿಸಬೇಕೆಂದು 1974ರಲ್ಲಿ ಸರ್ವೋಚ್ಚ ನ್ಯಾಯಾಲಯ ಹೇಳಿತು; ಅದೇ ವರ್ಷ ಕಾಯ್ದೆಗೆ ತಿದ್ದುಪಡಿ ತಂದು ಆ ತೀರ್ಪಿನ ಪರಿಣಾಮವನ್ನು ಇಲ್ಲವಾಗಿಸಲಾಯಿತು. ದಾನಿಗಳ ಹೆಸರನ್ನು ಮತದಾರರಿಂದ ಮರೆಮಾಡಿದ 2018ರ ಚುನಾವಣಾ ಬಾಂಡ್ ಯೋಜನೆಯನ್ನು ನ್ಯಾಯಾಲಯವು 2024ರ ಫೆಬ್ರವರಿ 15ರಂದು ಅಸಾಂವಿಧಾನಿಕವೆಂದು ಸಾರಿತು.

ವೆಚ್ಚದ ಪ್ರಶ್ನೆ ಮತದಾನದೊಂದಿಗೆ ಮುಗಿಯುವುದಿಲ್ಲ. ರಾಣೆಬೆನ್ನೂರಿನಿಂದ 2018ರಲ್ಲಿ ಆಯ್ಕೆಯಾದ ಶಾಸಕರು 2019ರ ಜುಲೈನಲ್ಲಿ ಪಕ್ಷಾಂತರ ನಿಷೇಧದಡಿ ಅನರ್ಹಗೊಂಡರು. ಆ ಅನರ್ಹತೆಯನ್ನು ಎತ್ತಿಹಿಡಿದ ಸರ್ವೋಚ್ಚ ನ್ಯಾಯಾಲಯ, ಅನರ್ಹಗೊಂಡವರು ಮತ್ತೆ ಸ್ಪರ್ಧಿಸಬಹುದೆಂದಿತು. ಡಿಸೆಂಬರ್ 5ರಂದು ಕ್ಷೇತ್ರವು ಮತ್ತೊಮ್ಮೆ ಮತ ಹಾಕಿತು. ಒಂದೂವರೆ ವರ್ಷದಲ್ಲಿ ಎರಡು ಚುನಾವಣೆಗಳ ಭಾರ ಹೊರಬಲ್ಲವರು ಯಾರು ಎಂಬ ಪ್ರಶ್ನೆಯೇ ಸ್ಪರ್ಧೆಯ ಕಣವನ್ನು ಕಿರಿದುಗೊಳಿಸುತ್ತದೆ. ಕೂಲಿಕಾರನಿಗೂ ಸಣ್ಣ ಹಿಡುವಳಿದಾರನಿಗೂ ಮತವಿದೆ, ಉಮೇದುವಾರಿಕೆ ದೂರ.

ಧನಬಲದ ಇನ್ನೊಂದು ಮುಖ ನೀತಿನಿರೂಪಣೆಯಲ್ಲಿದೆ. 1966ರ ಕೃಷಿ ಉತ್ಪನ್ನ ಮಾರುಕಟ್ಟೆ ಕಾಯ್ದೆಯು ಮಾರುಕಟ್ಟೆ ಸಮಿತಿಯಲ್ಲಿ ಚುನಾಯಿತ ರೈತ ಪ್ರತಿನಿಧಿಗಳಿಗೇ ಬಹುಮತ ನೀಡಿತು. ಆದರೂ ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ದರ ನಿರ್ಧಾರವಾಗುವುದು ಖರೀದಿದಾರರ ಟೆಂಡರಿನಿಂದ. ಶೈತ್ಯಾಗಾರದಲ್ಲಿ ಮಾಲು ಇಟ್ಟು ದರಕ್ಕಾಗಿ ಕಾಯುವುದು ಬಂಡವಾಳವಿದ್ದವರಿಗೆ ಸಾಧ್ಯ. ಸಾಲ ತೀರಿಸಬೇಕಾದ ರೈತ ಅಂದಿನ ದರಕ್ಕೇ ಕೊಡಬೇಕು. 2024ರ ಮಾರ್ಚ್ 11ರಂದು ದರ ಕುಸಿದಾಗ ಉದ್ರಿಕ್ತ ರೈತರು ಮಾರುಕಟ್ಟೆ ಸಮಿತಿಯ ಕಚೇರಿಗೂ ವಾಹನಗಳಿಗೂ ಬೆಂಕಿಯಿಟ್ಟರು. ತಮ್ಮವರೇ ಬಹುಮತದಲ್ಲಿರಬೇಕಾದ ಸಂಸ್ಥೆಯನ್ನು ರೈತರು ಅನ್ಯವೆಂದು ಕಂಡರೆಂಬುದು ಇಲ್ಲಿ ಚಿಂತನಾರ್ಹ. ಪ್ರಾಂಗಣದ ಹೊರಗಿನ ವ್ಯಾಪಾರವನ್ನು ಮುಕ್ತಗೊಳಿಸಿದ 2020ರ ರಾಜ್ಯ ತಿದ್ದುಪಡಿಯೂ ಮೊದಲು ಬಂದದ್ದು ಸುಗ್ರೀವಾಜ್ಞೆಯಾಗಿ. ಸದನದ ಚರ್ಚೆ ಆನಂತರದ್ದು.

ಹಾವೇರಿಯಲ್ಲಿ 2008ರ ಜೂನ್ 10ರಂದು ನಡೆದ ಗೋಲಿಬಾರನ್ನೂ ಈ ಹಿನ್ನೆಲೆಯಲ್ಲಿ ನೆನೆಯಬೇಕು. ಬಿತ್ತನೆಯ ಹೊತ್ತಿಗೆ ಗೊಬ್ಬರ ಸಿಗದೆ ಬೀದಿಗಿಳಿದ ರೈತರಲ್ಲಿ ಇಬ್ಬರು ಪೊಲೀಸರ ಗುಂಡಿಗೆ ಬಲಿಯಾದರು. ಹೊಸ ಸರ್ಕಾರ ಆಯ್ಕೆಯಾಗಿ ತಿಂಗಳೂ ತುಂಬಿರಲಿಲ್ಲ. ಮನವಿ ಸಲ್ಲಿಸಿ, ರಾಜಧಾನಿಗೆ ಅಲೆದು, ಉತ್ತರಕ್ಕಾಗಿ ಕಾಯುವ ವ್ಯವಧಾನ ಮುಂಗಾರಿನ ರೈತನಿಗಿಲ್ಲ. ಉದ್ಯಮಗಳ ಸಂಘಟನೆಗಳಿಗೆ ಅದು ನಿತ್ಯದ ಕೆಲಸ.

ಈ ಮೂರೂ ನಿದರ್ಶನಗಳಿಂದ ಸ್ಪಷ್ಟವಾಗುವ ಅಂಶವೊಂದಿದೆ. ಧನಬಲವೆಂದರೆ ಮತಕ್ಕೆ ಹಂಚುವ ಹಣ ಮಾತ್ರವಲ್ಲ. ಅದು ಕಾಯಬಲ್ಲ ಶಕ್ತಿಯೂ ಹೌದು. ಕನಕದಾಸರ ಕಾವ್ಯದಲ್ಲಿ ಸೆರೆಯ ಕಾಲವನ್ನು ತಾಳಿ ಗಟ್ಟಿಯಾಗಿ ಉಳಿದದ್ದು ಬಡವರ ಧಾನ್ಯ. ಇಂದಿನ ವ್ಯವಸ್ಥೆಯಲ್ಲಿ ಸೆರೆ ಸಮಾನವಾಗಿಲ್ಲ. ಆದ್ದರಿಂದ ತಾಳಿಕೆಯೂ ಉಳ್ಳವರ ಪಾಲಾಗಿದೆ. ಪಕ್ಷಗಳ ವೆಚ್ಚಕ್ಕೆ ಮಿತಿ, ದೇಣಿಗೆಯ ಬಹಿರಂಗ ಲೆಕ್ಕ, ಮಾಲನ್ನು ಒತ್ತೆಯಿಟ್ಟು ರೈತನು ಕಾಯಲು ನೆರವಾಗುವ ಅಡಮಾನ ಸಾಲ, ಇವು ಬೇರೆ ಬೇರೆ ಸುಧಾರಣೆಗಳಂತೆ ಕಂಡರೂ ಒಂದೇ ಸಮಾನ ಸ್ಥಿತಿಯ ಕಡೆಗಿನ ಹೆಜ್ಜೆಗಳಾಗಿವೆ.