ಲಂಡನ್ನಿಗಿಂತ ಹೆಚ್ಚು ಮಳೆ, ಆದರೂ ಒಣಸೀಮೆ!

ನಂಬುತ್ತೀರಾ? ಸೊಲ್ಲಾಪುರದಲ್ಲಿ ಲಂಡನ್ನಿಗಿಂತ ಹೆಚ್ಚು ಮಳೆ ಬೀಳುತ್ತದೆ! ಕೊಡೆ ಬಿಟ್ಟು ಹೊರಬೀಳದ ಊರೆಂದು ಹೆಸರಾದ ಲಂಡನ್ನಿಗೆ ವರ್ಷಕ್ಕೆ ಸುಮಾರು 600 ಮಿ.ಮೀ.; ಬರಕ್ಕೆ ಹೆಸರಾದ ಸೊಲ್ಲಾಪುರಕ್ಕೆ 700ರ ಆಸುಪಾಸು. ಮತ್ತೆ ಅಲ್ಲಿ ಹಸಿರು, ಇಲ್ಲಿ ಜಾಲಿ, ಒಣಹುಲ್ಲು ಯಾಕೆ?

ಮಳೆ 250 ಮಿ.ಮೀ.ಗಿಂತ ಕಡಿಮೆಯಾದರೆ ಮರುಭೂಮಿ ಎಂದು ಶಾಲೆಯಲ್ಲಿ ಉರುಹೊಡೆದಿದ್ದೆವು. ಅದು ಅರ್ಧ ಲೆಕ್ಕ. ಮುಗಿಲು ಕೊಟ್ಟದ್ದರ ಜತೆಗೆ ಬಿಸಿಲು ಕಸಿದದ್ದನ್ನೂ ಎಣಿಸಬೇಕು! ಹವಾಮಾನ ವಿಜ್ಞಾನಿ ವ್ಲಾದಿಮಿರ್ ಕೊಪ್ಪೆನ್ ಹೆಸರಿನ ಸೂತ್ರ ಮಾಡುವುದು ಇದನ್ನೇ. ವರ್ಷದ ಸರಾಸರಿ ಉಷ್ಣತೆಯನ್ನು 20ರಿಂದ ಗುಣಿಸಿ, ಮಳೆಯ ಶೇ. 70ರಷ್ಟಾದರೂ ಏಪ್ರಿಲ್‌ನಿಂದ ಸೆಪ್ಟೆಂಬರ್‌ವರೆಗಿನ ಬಿಸಿಯ ತಿಂಗಳುಗಳಲ್ಲೇ ಸುರಿದರೆ 280 ಕೂಡಿಸಿ. ಸೊಲ್ಲಾಪುರದ ಸರಾಸರಿ 27 ಡಿಗ್ರಿ ಎಂದಿಟ್ಟುಕೊಳ್ಳಿ: 540, ಕೂಡಿದರೆ 820. ಅಷ್ಟು ಮಳೆ ಬಾರದಿದ್ದರೆ ಒಣಸೀಮೆ. ಅದರ ಅರ್ಧ, 410ಕ್ಕಿಂತಲೂ ಇಳಿದರೆ? ಮರುಭೂಮಿ! ಮಳೆ ವರ್ಷವಿಡೀ ಹಂಚಿ ಬೀಳುವ ತಣ್ಣನೆಯ ಲಂಡನ್ನಿಗೆ 360 ದಾಟಿದರೆ ಸಾಕು.

ಇನ್ನೂ ಸೋಜಿಗವೆಂದರೆ, ಇಲ್ಲಿಂದ ನೇರ ಪಶ್ಚಿಮಕ್ಕೆ 250 ಕಿ.ಮೀ. ಒಳಗೇ ಇರುವ ಮಹಾಬಳೇಶ್ವರದಲ್ಲಿ ವರ್ಷಕ್ಕೆ 5,000 ಮಿ.ಮೀ. ಮೀರಿ ಸುರಿಯುತ್ತದೆ. ಘಟ್ಟ ಏರುವಾಗಲೇ ಮೋಡ ಬಹುಪಾಲು ಬರಿದಾಗಿರುತ್ತದೆ. ನಾವು ಮಳೆನೆರಳಿನವರು.

ಈ ನೆರಳಲ್ಲೇ ಸೊಲ್ಲಾಪುರ ಜಿಲ್ಲೆಯ ಅಕ್ಕಲಕೋಟೆಯ ಎರೆಹೊಲಗಳಿವೆ. ಮುಂಗಾರು ಮರಳುವ ಹೊತ್ತಿಗೆ ಇಲ್ಲಿ ಹಿಂಗಾರಿ ಜೋಳ ಬಿತ್ತುತ್ತಾರೆ! ಮಳೆ ನಿಂತ ಮೇಲೆ ಬೆಳೆ ಬದುಕುವುದು ಕರಿಮಣ್ಣು ಕೂಡಿಟ್ಟ ಹಸಿಯ ಮೇಲೆ. ಒಣಬೇಸಾಯದ ಸಂಶೋಧನೆ ಸೊಲ್ಲಾಪುರ, ವಿಜಾಪುರಗಳಲ್ಲಿ 1933ರಲ್ಲೇ ಶುರುವಾಯಿತು. ಹೆಸರಾಂತ ಮಾಲದಂಡಿ ಜೋಳದ ಎಂ 35-1 ತಳಿಯನ್ನು ಆರಿಸಿದ್ದೂ ಇದೇ ಜಿಲ್ಲೆಯ ಮೋಹೋಳದಲ್ಲಿ. ಕಟಕರೊಟ್ಟಿ ತಿನ್ನುವಾಗ ನೆನಪಿರಲಿ.

ಇನ್ನು ಹುಲ್ಲು! ಅದನ್ನು ಪಾಳು ಎನ್ನುವವರನ್ನು ಸೊಲ್ಲಾಪುರದ ಹತ್ತಿರದ ನಾನ್ನಜಕ್ಕೆ ಕರೆದೊಯ್ಯಬೇಕು. ಎರೆಭೂತ ಹಕ್ಕಿಗಾಗಿ 1979ರಲ್ಲಿ ಅಲ್ಲಿ ಅಭಯಾರಣ್ಯವಾಯಿತು. ಸುಮಾರು ಒಂದು ಮೀಟರ್ ಎತ್ತರದ ಈ ಭಾರದ ಹಕ್ಕಿ ಕಾಡು ಒಲ್ಲದು. ದೂರದವರೆಗೂ ಕಣ್ಣಿಗೆ ಕಾಣುವ ಬಯಲು ಬೇಕು, ನೆಲದ ಮೇಲೇ ಮೊಟ್ಟೆ. ಗಿಡ ನೆಟ್ಟು ‘ಹಸಿರು’ ಮಾಡಿದರೆ ಅದರ ಮನೆಯೇ ಹೋಯಿತು. ಅದೇ ಬಯಲಲ್ಲಿ ಕೃಷ್ಣಮೃಗ, ಅದರ ಹಿಂದೆಯೇ ತೋಳ. 410ಕ್ಕೂ 820ಕ್ಕೂ ನಡುವೆ ಇಷ್ಟೆಲ್ಲ!