ಟೇಪಿನಲ್ಲಿ ಇಲ್ಲದ್ದು ಡಿಸ್ಕಿಗೆ ಬರುವುದಿಲ್ಲ

ಒಂದೇ ಧ್ವನಿಮುದ್ರಣವನ್ನು ಎಷ್ಟು ಸಲ ಮಾರಬಹುದು? ಹರ್ಬರ್ಟ್ ಫಾನ್ ಕರಾಯನ್ ನಿರ್ದೇಶನದಲ್ಲಿ ಬರ್ಲಿನ್ ಫಿಲ್‌ಹಾರ್ಮೋನಿಕ್ ವಾದ್ಯವೃಂದ ನುಡಿಸಿದ ಬೀಥೋವನ್‌ನ ಒಂಬತ್ತು ಸಿಂಫನಿಗಳನ್ನೇ ನೋಡಿ. 1963ರಲ್ಲಿ ಎಂಟು ಎಲ್‌ಪಿಗಳ ಪೆಟ್ಟಿಗೆಯಾಗಿ ಬಂತು. ಆಮೇಲೆ ಸಿ.ಡಿ., 2003ರಲ್ಲಿ ಸೂಪರ್ ಆಡಿಯೊ ಸಿ.ಡಿ., ಅದರ ನಂತರ 24 ಬಿಟ್, 96 ಕಿಲೋಹರ್ಟ್ಸ್‌ನ ಬ್ಲೂ-ರೇ. ಪ್ರತಿ ಸಲವೂ ಭರವಸೆ ಒಂದೇ: ಇಷ್ಟು ದಿನ ಕೇಳಿಸದೇ ಇದ್ದದ್ದು ಈಗ ಕೇಳಿಸುತ್ತದೆ. ನಾನೇ ಮೂರು ಸಲ ಕೊಂಡವನು, ನಗುವ ಹಕ್ಕು ನನಗಿಲ್ಲ. ಆದರೆ ‘ಹೈ-ರೆಸ್’, ಅಂದರೆ ಸಿ.ಡಿ.ಗಿಂತ ಸೂಕ್ಷ್ಮವೆಂದು ಮಾರುವ ಧ್ವನಿಯ, ಸುತ್ತ ಬೆಳೆದಿರುವ ನಂಬಿಕೆಗಳನ್ನು ಬಿಡಿಸಿ ನೋಡುವ ಹಕ್ಕನ್ನು ದುಡ್ಡು ಕೊಟ್ಟೇ ಸಂಪಾದಿಸಿದ್ದೇನೆ.

ನಂಬಿಕೆ: ಸಿ.ಡಿ.ಯಲ್ಲಿ ಧ್ವನಿ ಮೆಟ್ಟಿಲು ಮೆಟ್ಟಿಲಾಗಿರುತ್ತದೆ, ಹೈ-ರೆಸ್‌ನಲ್ಲಿ ನುಣುಪಾಗಿರುತ್ತದೆ

ಜಾಹೀರಾತುಗಳಲ್ಲಿ ಬರುವ ಆ ಮೆಟ್ಟಿಲಿನ ಚಿತ್ರವೇ ಎಲ್ಲ ಗೊಂದಲಕ್ಕೂ ಮೂಲ. ಸಿ.ಡಿ. ಸೆಕೆಂಡಿಗೆ 44,100 ಸಲ ಧ್ವನಿತರಂಗದ ಎತ್ತರವನ್ನು ಅಳೆದಿಡುತ್ತದೆ. ಇವನ್ನು ರಂಗೋಲಿಯ ಚುಕ್ಕಿಗಳೆಂದುಕೊಳ್ಳಿ. ಅಂಗಳದಲ್ಲಿ ಅದೇ ಚುಕ್ಕಿಗಳಿಂದ ಹತ್ತು ಬಗೆಯ ರಂಗೋಲಿ ಬಿಡಿಸಬಹುದು. ಧ್ವನಿಯಲ್ಲಿ ಹಾಗಾಗುವುದಿಲ್ಲ. ತರಂಗದ ಕಂಪನ ಆ ಸಂಖ್ಯೆಯ ಅರ್ಧಕ್ಕಿಂತ, ಅಂದರೆ 22,050 ಹರ್ಟ್ಸ್‌ಗಿಂತ, ಕಡಿಮೆಯಿದ್ದರೆ ಆ ಚುಕ್ಕಿಗಳ ಮೂಲಕ ಹಾದುಹೋಗಬಲ್ಲ ಗೆರೆ ಒಂದೇ ಒಂದು. ನೈಕ್ವಿಸ್ಟ್ ಮತ್ತು ಶಾನನ್ ಹೆಸರಿನಲ್ಲಿರುವ ಪ್ರಮೇಯ ಹೇಳುವುದು ಇದನ್ನೇ. ಪ್ಲೇಯರ್‌ನಿಂದ ಹೊರಬರುವುದು ಆ ನುಣುಪಾದ ಗೆರೆಯೇ ಹೊರತು ಮೆಟ್ಟಿಲಲ್ಲ. 96 ಕಿಲೋಹರ್ಟ್ಸ್‌ನಲ್ಲಿ ಹೆಚ್ಚಾಗಿ ಸಿಗುವುದು ಇನ್ನೂ ಮೇಲಿನ ಕಂಪನಗಳು ಮಾತ್ರ. ಎಳೆಯ ಕಿವಿಗೆ 20 ಕಿಲೋಹರ್ಟ್ಸ್‌ವರೆಗೆ ಕೇಳಿಸೀತು, ವಯಸ್ಸಾದಂತೆ ಈ ಮಿತಿ ಇಳಿಯುತ್ತಲೇ ಹೋಗುತ್ತದೆ. ದುಬಾರಿ ಡಿಸ್ಕು ಕೊಳ್ಳುವಷ್ಟು ದುಡ್ಡು ಕೈಗೆ ಬರುವ ಹೊತ್ತಿಗೆ ಕಿವಿ 14ಕ್ಕೋ 12ಕ್ಕೋ ಇಳಿದಿರುತ್ತದೆ!

ನಂಬಿಕೆ: 24 ಬಿಟ್ ಎಂದರೆ ಒಂದೂವರೆ ಪಟ್ಟು ಸೂಕ್ಷ್ಮ

ಬಿಟ್‌ಗಳ ಸಂಖ್ಯೆ ನಿರ್ಧರಿಸುವುದು ಅತಿ ಮೆಲುದನಿಗೂ ಅತಿ ಜೋರಿಗೂ ನಡುವೆ ಎಷ್ಟು ಅಂತರ ಹಿಡಿಸುತ್ತದೆ ಎಂಬುದನ್ನು. ಸಿ.ಡಿ.ಯ 16 ಬಿಟ್‌ಗೆ ಸುಮಾರು 96 ಡೆಸಿಬೆಲ್, 24 ಬಿಟ್‌ಗೆ ಲೆಕ್ಕದಲ್ಲಿ 144. ಈಗ ಮೂಲಕ್ಕೆ ಬನ್ನಿ. ಕರಾಯನ್‌ನ ಈ ಸಿಂಫನಿಗಳು 1961ರ ಕೊನೆಯಿಂದ 1962ರವರೆಗೆ ಅನಲಾಗ್ ಟೇಪಿನಲ್ಲಿ ದಾಖಲಾದವು. ಆ ಕಾಲದ ಟೇಪಿಗೆ ತನ್ನದೇ ‘ಸ್‌ಸ್‌’ ಸದ್ದಿತ್ತು; ಅದನ್ನು ಕಳೆದು ಉಳಿಯುವ ಅಂತರ 70 ಡೆಸಿಬೆಲ್‌ನ ಆಸುಪಾಸು. ಅಷ್ಟಕ್ಕೆ 12 ಬಿಟ್ ಸಾಕು. ಉಳಿದ ಬಿಟ್‌ಗಳು ಟೇಪಿನ ಸದ್ದನ್ನೇ ಅತಿ ನಿಷ್ಠೆಯಿಂದ ಅಳೆದಿಡುತ್ತವೆ. ಇಷ್ಟಕ್ಕೂ ನಾವು ಕೇಳುವುದು ಎಲ್ಲಿ? ಮೇಲೆ ಫ್ಯಾನು, ಪಕ್ಕದ ಮನೆಯಲ್ಲಿ ಮಿಕ್ಸಿ, ಅಡುಗೆಮನೆಯಲ್ಲಿ ಕುಕ್ಕರಿನ ಮೂರನೇ ಸೀಟಿ.

ಹಾಗೆಂದು 24 ಬಿಟ್ ಬರೀ ಮೋಸವಲ್ಲ. ಸ್ಟುಡಿಯೋದಲ್ಲಿ ಅದು ಬೇಕೇ ಬೇಕು. ವಾದ್ಯವೃಂದ ಯಾವ ಕ್ಷಣದಲ್ಲಿ ಎಷ್ಟು ಗುಡುಗುತ್ತದೋ ಗೊತ್ತಿಲ್ಲದೆ ಧ್ವನಿ ಹಿಡಿಯುವವನಿಗೆ ಆ ಹೆಚ್ಚುವರಿ ಜಾಗ ವರ. ತಯಾರಾದ ಸಂಗೀತವನ್ನು ಮನೆಯಲ್ಲಿ ಕೇಳುವವನಿಗೆ ಅದರ ಅಗತ್ಯ ಬೀಳುವುದಿಲ್ಲ, ಅಷ್ಟೆ.

ನಂಬಿಕೆ: ಹೊಸ ಡಿಜಿಟಲ್ ಮುದ್ರಣವಾದರೆ ಹೈ-ರೆಸ್ ಇನ್ನೂ ಚೆನ್ನಾಗಿರುತ್ತದೆ

ಕರಾಯನ್ 1980ರ ದಶಕದಲ್ಲಿ ಇವೇ ಸಿಂಫನಿಗಳನ್ನು ಮತ್ತೆ ಡಿಜಿಟಲ್‌ನಲ್ಲಿ ದಾಖಲಿಸಿದ. ಅದು 16 ಬಿಟ್ ಯಂತ್ರಗಳ ಕಾಲ. 16 ಬಿಟ್‌ನಲ್ಲಿ ಹುಟ್ಟಿದ್ದನ್ನು 24ಕ್ಕೆ ಹಿಗ್ಗಿಸಿದರೆ ಫೈಲು ದಪ್ಪವಾಗುತ್ತದೆ, ಸಂಗೀತವಲ್ಲ.

ನಂಬಿಕೆ: ಬೀಥೋವನ್‌ನ ಒಂಬತ್ತನೇ ಸಿಂಫನಿ ಹಿಡಿಯಲಿ ಎಂದು ಕರಾಯನ್ ಹಟ ಹಿಡಿದದ್ದರಿಂದ ಸಿ.ಡಿ. 74 ನಿಮಿಷದ್ದಾಯಿತು

ಕೇಳಲು ಸೊಗಸಾದ ಕಥೆ. ಆದರೆ ಕರಾಯನ್‌ನ 1962ರ ಒಂಬತ್ತನೆಯದು ಮುಗಿಯುವುದೇ ಸುಮಾರು 67 ನಿಮಿಷಕ್ಕೆ. 74 ನಿಮಿಷ ಎಳೆದದ್ದು ಇನ್ನೊಬ್ಬ ನಿರ್ದೇಶಕ ಫುರ್ಟ್‌ವೆಂಗ್ಲರ್, 1951ರಲ್ಲಿ ಜರ್ಮನಿಯ ಬೈರಾಯ್ಟ್‌ನಲ್ಲಿ. ಸಿ.ಡಿ. ರೂಪಿಸಿದ ತಂಡದಲ್ಲಿದ್ದ ಫಿಲಿಪ್ಸ್ ಎಂಜಿನಿಯರ್ ಕೇಸ್ ಇಮ್ಮಿಂಕ್ ಬರೆದಿರುವ ಪ್ರಕಾರ ಡಿಸ್ಕಿನ ಅಳತೆ ಹಿಗ್ಗಿದ್ದರ ಹಿಂದೆ ವ್ಯಾಪಾರದ ಲೆಕ್ಕವಿತ್ತು. ಫಿಲಿಪ್ಸ್ ಗುಂಪು 11.5 ಸೆಂಟಿಮೀಟರ್ ಡಿಸ್ಕಿಗೆ ಸಜ್ಜಾಗಿತ್ತು. 12 ಸೆಂಟಿಮೀಟರ್ ಆದರೆ ಆ ಮುನ್ನಡೆ ಹೋಗುತ್ತಿತ್ತು, ಸಿ.ಡಿ.ಯನ್ನು ಜೊತೆಗೂಡಿ ರೂಪಿಸುತ್ತಿದ್ದ ಸೋನಿಗೆ ಅದು ಅನುಕೂಲ. ತಮಾಷೆಯೆಂದರೆ, ಆರಂಭದಲ್ಲಿ ಸಿ.ಡಿ. ತಯಾರಿಕೆಗೆ ಬಳಸುತ್ತಿದ್ದ ವಿಡಿಯೋ ಟೇಪಿಗೆ 72 ನಿಮಿಷದ ಮಿತಿ ಇದ್ದುದರಿಂದ ಫುರ್ಟ್‌ವೆಂಗ್ಲರ್‌ನ ಆ ಒಂಬತ್ತನೆಯದು ಆಗ ಒಂದೇ ಡಿಸ್ಕಿನಲ್ಲಿ ಹಿಡಿಯುತ್ತಿರಲಿಲ್ಲ.

ನಂಬಿಕೆ: ವ್ಯತ್ಯಾಸ ನನ್ನ ಕಿವಿಗೇ ಕೇಳಿಸುತ್ತಿದೆ, ಇನ್ನೇನು ಪುರಾವೆ ಬೇಕು?

ಕೇಳಿಸುತ್ತದೆ, ಸುಳ್ಳಲ್ಲ. ಪ್ರಶ್ನೆಯಿರುವುದು ಕಾರಣದಲ್ಲಿ. ಅಮೆರಿಕದಲ್ಲಿ ಮೇಯರ್ ಮತ್ತು ಮೊರಾನ್ ಎಂಬ ಇಬ್ಬರು ಒಂದು ಪ್ರಯೋಗ ನಡೆಸಿ 2007ರಲ್ಲಿ ಪ್ರಕಟಿಸಿದರು. ಹೈ-ರೆಸ್ ಡಿಸ್ಕಿನ ಧ್ವನಿಯನ್ನು ನೇರವಾಗಿಯೂ, ಸಿ.ಡಿ. ಮಟ್ಟಕ್ಕೆ ಇಳಿಸಿಯೂ, ಯಾವುದು ಯಾವುದೆಂದು ಹೇಳದೆ ಕೇಳಿಸಿದರು. 554 ಸಲದಲ್ಲಿ ಸರಿಯಾದ ಉತ್ತರ 276. ನಾಣ್ಯ ಚಿಮ್ಮಿದ್ದರೂ ಅಷ್ಟೇ ಬರುತ್ತಿತ್ತು. 2016ರಲ್ಲಿ ಲಂಡನ್ನಿನ ಜೋಶುವಾ ರೈಸ್ 18 ಪ್ರಯೋಗಗಳನ್ನು ಒಟ್ಟಿಗೆ ಲೆಕ್ಕ ಹಾಕಿದಾಗ ಸರಿಯಾದ ಉತ್ತರ ಶೇಕಡಾ 52.3 ಬಂತು. ತರಬೇತಿ ಪಡೆದವರಲ್ಲಿ ಇನ್ನಷ್ಟು ಹೆಚ್ಚು. ಅಂದರೆ ವ್ಯತ್ಯಾಸ ಇಲ್ಲವೇ ಇಲ್ಲ ಎನ್ನುವವರೂ ತುಸು ಅವಸರದವರೇ. ಆದರೆ ಅಂಗಡಿಯಲ್ಲಿ ಹೇಳುವಷ್ಟು ಎದ್ದು ಕಾಣುವಂಥದ್ದೂ ಅಲ್ಲ.

ಹಾಗಾದರೆ ಹೊಸ ಡಿಸ್ಕು ನಿಜಕ್ಕೂ ಚೆನ್ನಾಗಿ ಕೇಳುವುದೇಕೆ? ಬಹಳ ಸಲ ಕಾರಣ ಮಾಸ್ಟರಿಂಗ್. ಯಾರೋ ಮೂಲ ಟೇಪನ್ನು ಮತ್ತೆ ಹೊರತೆಗೆದು, ಒಳ್ಳೆಯ ಯಂತ್ರಕ್ಕೆ ಹಾಕಿ, ಕೂತು ಕೇಳಿ ಸಮತೋಲ ಸರಿಪಡಿಸಿರುತ್ತಾರೆ. ಆ ಶ್ರಮದ ಫಲ 16 ಬಿಟ್‌ನಲ್ಲೂ ಪೂರ್ತಿ ಉಳಿಯುತ್ತದೆ.

ಅದಕ್ಕೂ ಹಿಂದಿನ ಕಾರಣ ಬರ್ಲಿನ್‌ನ ಡಾಲೆಮ್ ಬಡಾವಣೆಯ ಯೇಸು ಕ್ರಿಸ್ತ ಚರ್ಚು. ಬರ್ಲಿನ್ ಫಿಲ್‌ಹಾರ್ಮೋನಿಕ್‌ನ ಹೊಸ ಸಭಾಂಗಣ ತೆರೆದದ್ದು 1963ರಲ್ಲಿ. ಈ ಸಿಂಫನಿಗಳು ದಾಖಲಾದದ್ದು ಅದಕ್ಕೂ ಮೊದಲು, ಆ ಚರ್ಚಿನಲ್ಲಿ. ಒಂಬತ್ತನೆಯದರ ಮೊದಲ ಪುಟದಲ್ಲಿ ತಂತಿವಾದ್ಯಗಳು ನಡುಗುತ್ತ ಎದ್ದು ಬರುವಾಗ ಸುತ್ತ ಒಂದು ಗಾಳಿ ತುಂಬಿದ ಅವಕಾಶ ಕೇಳಿಸುತ್ತದಲ್ಲ, ಅದು ಆ ಕಟ್ಟಡದ್ದು. ಮೈಕುಗಳಲ್ಲಿ ಅದನ್ನು ಹಿಡಿದವರು ಗ್ಯೂಂಟರ್ ಹರ್ಮನ್ಸ್‌ನಂಥ ಧ್ವನಿತಜ್ಞರು. ಅವರ ಹೆಸರು ಕವಚದ ಮೇಲೆ ಸಣ್ಣಕ್ಷರದಲ್ಲಿದೆ. ಕಣ್ಣು ಮುಚ್ಚಿದ ಕರಾಯನ್‌ನ ಮುಖ ದೊಡ್ಡದಾಗಿದೆ.

   

ಹೈ-ರೆಸ್ ಬಗ್ಗೆ ಇನ್ನೂ ಅನುಮಾನವಿದ್ದರೆ ಮನೆಯಲ್ಲೇ ಪರೀಕ್ಷಿಸಿ. ಎರಡು ಬೇರೆ ಡಿಸ್ಕುಗಳನ್ನು ಹೋಲಿಸಬೇಡಿ. ಒಂದೇ ಹೈ-ರೆಸ್ ಫೈಲನ್ನು ತೆಗೆದುಕೊಂಡು ಅದನ್ನೇ 16 ಬಿಟ್, 44.1 ಕಿಲೋಹರ್ಟ್ಸ್‌ಗೆ ಇಳಿಸಿದ ಪ್ರತಿಯೊಂದನ್ನು ಮಾಡಿ. ಎರಡರ ಧ್ವನಿಮಟ್ಟವೂ ಸಮವಿರಲಿ. ಕೂದಲೆಳೆಯಷ್ಟು ಜೋರಾದದ್ದೂ ಕಿವಿಗೆ ‘ಚೆನ್ನಾಗಿದೆ’ ಅನ್ನಿಸಿಬಿಡುತ್ತದೆ. ಮನೆಯಲ್ಲಿ ಯಾರಿಗಾದರೂ ಬದಲಿಸಿ ಬದಲಿಸಿ ಹಾಕಲು ಹೇಳಿ, ನಿಮ್ಮ ಉತ್ತರಗಳನ್ನು ಅವರೇ ಬರೆದುಕೊಳ್ಳಲಿ. ಇಪ್ಪತ್ತು ಸಲವಾದರೂ ಮಾಡಿ. ಫ್ಯಾನು ಆರಿಸುವುದನ್ನು ಮರೆಯಬೇಡಿ.